ದೇವಾನಂದನ ಆಮೆ ಕಾಣೆಯಾದ ವಾರ

ನನ್ನ ತಮ್ಮ ದೇವಾನಂದ ಕೂತು ಉಂಡದ್ದನ್ನು ನಾನು ಕಂಡಿಲ್ಲ. ರೊಟ್ಟಿಗೆ ಪಲ್ಯ ಸವರಿ, ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಅಂಗಳಕ್ಕೂ ಅಡುಗೆಮನೆಗೂ ಓಡಾಡುತ್ತ ತಿನ್ನುವ ಗಂಡಸು ಅವನು. ಸಾಲಿಗೆ ಹೋಗುವಾಗ ಮಾಸ್ತರರು ಅವನನ್ನು ಬಾಗಿಲ ಹತ್ತಿರವೇ ಕೂಡಿಸುತ್ತಿದ್ದರು. ಹೇಗೂ ಎದ್ದು ಹೋಗುವವನು, ಉಳಿದವರನ್ನಾದರೂ ತುಳಿಯದಿರಲಿ ಎಂದು. "ಕಾಲಿಗೆ ಚಕ್ರ ಕಟಗೊಂಡ ಹುಟ್ಯಾನ ಇವ" ಎನ್ನುವುದು ಅವ್ವನ ಮಾತು. ನಿಜ ಹೇಳಬೇಕೆಂದರೆ ಚಕ್ರದ ಮೇಲೆ ಬದುಕು ಮಾಡುವವಳು ನಾನು. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಓಡುವ ಬಸ್ಸಿಗೆ ನಾನು ಕಂಡಕ್ಟರ್. ದಿನವಿಡೀ ಹತ್ತುವವರ, ಇಳಿಯುವವರ, ಇಳಿಯುವುದನ್ನು ಮರೆತು ನನಗೇ ಬೈಯುವವರ ನಡುವೆ ನಿಂತು ನಿಂತು, ಮನೆಗೆ ಬಂದು ಕೂತರೆ ಏಳುವ ಮನಸ್ಸಾಗುವುದಿಲ್ಲ. ಅದೇ ಹೊತ್ತಿಗೆ ಇವನು ಬೈಕಿನ ಚಾವಿ ತಿರುಗಿಸುತ್ತ ಬಾಗಿಲಲ್ಲಿ ನಿಂತಿರುತ್ತಾನೆ. ನನಗೆ ಸಿಟ್ಟು ಬರದೆ ಇನ್ನೇನು ಬಂದೀತು?

ಎಂ.ಎಸ್‌ಸಿ. ಮಾಡಿದ ಮೇಲೆ ಅವನು ಗಾಂಧಿ ಚೌಕದ ಒಂದು ಔಷಧಿ ಅಂಗಡಿಯಲ್ಲಿ ನಿಂತ, ಬಿಟ್ಟ. ಒಂದು ಕಾಲೇಜಿನಲ್ಲಿ ಪಾಠ ಹೇಳಿದ, ಬಿಟ್ಟ. ಕಡೆಗೆ ಅವನಿಗೆ ಸಿಕ್ಕಿದ ಕೆಲಸ ನೋಡಿ: ಕೆರೆಗಳಲ್ಲಿ ಏನೇನು ಜೀವ ಇವೆ, ಎಷ್ಟಿವೆ, ಹೇಗಿವೆ ಎಂದು ನೋಡುತ್ತ ತಿರುಗುವುದು. ನಮ್ಮ ಕಡೆಯ ಕೆರೆಗಳಿಗೆ ಹೊಳೆಯ ನೀರು ಏರಿಸಿ ತುಂಬಲು ಶುರುಮಾಡಿದ ಮೇಲೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತಿದ್ದ ಕೆರೆಯಂಗಳಗಳಲ್ಲಿ ವರ್ಷವಿಡೀ ನೀರು ನಿಲ್ಲತೊಡಗಿತಲ್ಲ, ಆ ನೀರಿನೊಡನೆ ಯಾವ ಮೀನು ಬಂತು, ಮೊದಲಿದ್ದ ಆಮೆ ಕಪ್ಪೆಗಳ ಗತಿ ಏನಾಯಿತು ಎಂದು ತಿಳಿಯಲು ಒಂದು ಸಂಸ್ಥೆಯವರು ಅರಣ್ಯ ಇಲಾಖೆಯ ಪರವಾನಗಿ ತೆಗೆದು ಕೆಲಸ ಹಿಡಿದಿದ್ದರು. ಕೂಡಬೇಕಾಗಿಲ್ಲ, ತಿರುಗಿದಷ್ಟೂ ಒಳ್ಳೆಯದು. ಹಸಿದವನಿಗೆ ಹಬ್ಬದೂಟ ಸಿಕ್ಕಂತಾಯಿತು.

"ನೀರಾಗಿನ ಆಮಿ ಹೆಂಗ ಎಣಸ್ತಿಯಲೇ? ಅವೇನ ಸಾಲ ಹಚ್ಚಿ ನಿಲ್ತಾವೇನು?" ಎಂದು ನಾನು ಒಮ್ಮೆ ಕೇಳಿದೆ. ಅವನು ಅವ್ವನ ಶೇಂಗಾ ಡಬ್ಬಿ ತಂದು ನನ್ನ ಮುಂದೆ ಇಟ್ಟ. ಒಂದು ಮುಷ್ಟಿ ಶೇಂಗಾ ತೆಗೆದು, ಅವುಗಳಿಗೆ ಅರಿಶಿನ ಹಚ್ಚಿ, ಡಬ್ಬಿಗೆ ಹಾಕಿ ಕುಲುಕಿದ. ಮತ್ತೊಂದು ಮುಷ್ಟಿ ತೆಗೆದು ಅದರಲ್ಲಿ ಅರಿಶಿನದವು ಎಷ್ಟು ಬಂದವೆಂದು ತೋರಿಸಿದ. ಅರಿಶಿನದವು ಕಡಿಮೆ ಬಂದರೆ ಡಬ್ಬಿಯಲ್ಲಿ ಶೇಂಗಾ ಬಹಳ, ಹೆಚ್ಚು ಬಂದರೆ ಸ್ವಲ್ಪ. ಆಮೆಯನ್ನೂ ಹೀಗೆಯೇ ಹಿಡಿದು, ಗುರುತು ಮಾಡಿ, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಹಾಕುತ್ತಾರಂತೆ. ವಿಷಯ ನನಗೆ ತಿಳಿಯಿತು. ಆದರೆ ಮರುದಿನದ ಚಟ್ನಿಯೆಲ್ಲ ಹಳದಿಯಾಗಿ ಅವ್ವ ಇಬ್ಬರಿಗೂ ಬೈದಳು.

ಭೂತನಾಳದಿಂದ ಇಟ್ಟಂಗಿಹಾಳದ ಕಡೆ ಹೋಗುವಾಗ ರಸ್ತೆಯ ಮಗ್ಗುಲಿಗೆ ಒಂದು ಸಣ್ಣ ಕೆರೆ ಇದೆ. ಅವನ ಜೀವವೆಲ್ಲ ಅಲ್ಲೇ ಇತ್ತು. ಬಲೆ ಹೆಣೆದ ಉದ್ದನೆಯ ಬುಟ್ಟಿಗಳನ್ನು ಅವನು ದಂಡೆಯ ಹತ್ತಿರ ನೀರಿನಲ್ಲಿ ಇಡುತ್ತಿದ್ದ. ಒಳಗೆ ಸಿಕ್ಕ ಆಮೆ ಉಸಿರು ತೆಗೆದುಕೊಳ್ಳಬೇಕಲ್ಲ, ಅದಕ್ಕೆ ಬುಟ್ಟಿಯ ಮೇಲ್ಭಾಗ ನೀರಿನಿಂದ ಹೊರಗೇ ಇರಬೇಕು. ಸಿಕ್ಕ ಆಮೆಯನ್ನು ತೂಗಿ, ಅಳೆದು, ಅಕ್ಕಿಕಾಳಿನಷ್ಟು ಸಣ್ಣ ಗುರುತಿನ ಚೂರೊಂದನ್ನು ಚರ್ಮದ ಕೆಳಗೆ ಸೇರಿಸಿ, ಹಿಡಿದಲ್ಲೇ ಬಿಡುತ್ತಿದ್ದ. ಮನೆಗೆ ಬಂದಾಗ ಅವನ ಮೈಯೆಲ್ಲ ಕೆಸರಿನ ನಾತ.

ಆ ಕೆರೆಯ ದಂಡೆಗೆ ಸುತ್ತಲೂ ಕಲ್ಲು ಜೋಡಿಸಿ, ಗೋಡೆ ಎತ್ತಿ, ಮೇಲೆ ವಾಕಿಂಗ್ ಮಾಡುವ ದಾರಿ ಮಾಡುವುದೆಂದು ಮಂಜೂರಾಯಿತು. ಜನಕ್ಕೆ ಸಂತೋಷ. ನನಗೂ ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ತಮ್ಮ ಮಾತ್ರ ಅಂದು ಉಣ್ಣಲೇ ಇಲ್ಲ. ಆಮೆ ನೀರಿನಲ್ಲಿ ಬದುಕಿದರೂ ತತ್ತಿ ಇಡುವುದು ಮಣ್ಣಿನಲ್ಲಿ. ನೀರಿನಿಂದ ಎದ್ದು ಬಂದು, ಹಿಂಗಾಲಿನಿಂದ ತಗ್ಗು ತೋಡಿ, ತತ್ತಿ ಇಟ್ಟು ಮುಚ್ಚಿ ಹೋಗುತ್ತದೆ. ಸುತ್ತ ಗೋಡೆ ಎದ್ದರೆ ಅದು ಮೇಲೆ ಬರುವುದು ಹೇಗೆ? ಇಂಜಿನಿಯರ್ ಹಣಮಂತರಾಯರ ಹತ್ತಿರ ಹೋಗಿ ಅವನು ಕೈಜೋಡಿಸಿದ. ಅವರು ಕೆಟ್ಟವರಲ್ಲ. "ಎಲ್ಲಾ ದಂಡಿ ಬಿಡು ಅಂದ್ರ ಬಿಡಾಕ ಬರೂದಿಲ್ಲಪಾ. ತತ್ತಿ ಇಡೂ ಜಾಗಾ ಒಂದ ತೋರಸು, ಅಷ್ಟು ದಂಡಿಗೆ ಕಲ್ಲು ಹಚ್ಚೂದಿಲ್ಲ. ಸೋಮವಾರ ಕೆಲಸ ಚಾಲೂ ಆಗ್ತೈತಿ, ಅದರೊಳಗ ತೋರಸಬೇಕು" ಎಂದರು.

ದೇವಾನಂದನ ಅದೃಷ್ಟಕ್ಕೆ ಬುಟ್ಟಿಯಲ್ಲಿ ಬಸುರಿ ಆಮೆಯೊಂದು ಸಿಕ್ಕಿತು. ಹಿಂಗಾಲಿನ ಸಂದಿಯಲ್ಲಿ ಬೆರಳಿಟ್ಟರೆ ತತ್ತಿ ಕೈಗೆ ಹತ್ತುತ್ತವಂತೆ. ಅದರ ಚಿಪ್ಪಿನ ಹಿಂದಿನ ಅಂಚಿಗೆ ಅವನು ಒಂದು ಪುಟ್ಟ ರೇಡಿಯೋ ಕಟ್ಟಿದ. ಕಿರುಬೆರಳಿನ ತುದಿಯಷ್ಟು ದಪ್ಪ, ಮೇಲೆ ಅರಗಿನಂಥ ಕಪ್ಪು ಅಂಟು, ಬಾಲದಂತೆ ಒಂದು ಎಳೆ ತಂತಿ. ಅದು ಕಳಿಸುವ ಸದ್ದನ್ನು ಇವನ ಕೈಯಲ್ಲಿನ ಆಂಟೆನಾ ಹಿಡಿದು, ಕಿವಿಗೆ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಆಮೆ ಎಲ್ಲಿ ಎದ್ದು ಬಂದು ತತ್ತಿ ಇಡುವುದೋ ಅಲ್ಲಿಗೆ ಹೋಗಿ ನೋಡುವುದು, ಇಂಜಿನಿಯರ್ ಸಾಹೇಬರನ್ನು ಕರೆಯುವುದು. ಇಷ್ಟೇ ಕೆಲಸ.

ಇಷ್ಟಕ್ಕೆ ಬೇಕಾದದ್ದು ಒಂದೇ, ಕೂತಲ್ಲಿ ಕೂಡುವುದು. ಅದೊಂದನ್ನೇ ದೇವರು ಅವನಿಗೆ ಕೊಟ್ಟಿರಲಿಲ್ಲ. ಗುರುವಾರ ಸಂಜೆ ಆಮೆ ದಂಡೆಯ ಸನಿಹಕ್ಕೆ ಬಂದಿತ್ತು, ಸದ್ದು ಜೋರಾಗಿತ್ತು. ಇವನು ಕೂತ, ಎದ್ದ, ಮತ್ತೆ ಕೂತ. ಕತ್ತಲಾಗುವುದರೊಳಗೆ ಆಚೆ ದಂಡೆಯ ಬುಟ್ಟಿಗಳನ್ನಾದರೂ ನೋಡಿ ಬರೋಣವೆಂದು ಹೊರಟ. ತಿರುಗಿ ಬರುವಷ್ಟರಲ್ಲಿ ಕಿವಿಯಲ್ಲಿ ಬರೀ ಗೊರಗೊರ. ಆಮೆ ಇಲ್ಲ.

"ಒಂದ ತಾಸ ಕುಂತಿದ್ರ ಸಿಗತಿತ್ತಕ್ಕಾ. ಒಂದ ತಾಸ," ಎಂದು ಮನೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದ. ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ, ರೊಟ್ಟಿಗೆ ಪಲ್ಯ ಸವರಿ ಸುರುಳಿ ಸುತ್ತಿ ಕೈಗಿಟ್ಟೆ.

ಶುಕ್ರವಾರ ಇಡೀ ದಿನ ಅವನು ಕೆರೆ ಸುತ್ತಿದ. ಮರ ಹತ್ತಿದ, ನೀರಿನ ಟ್ಯಾಂಕ್ ಹತ್ತಿದ, ಯಾರದೋ ಮೇಲ್ಮಾಳಿಗೆ ಹತ್ತಿ ಬೈಸಿಕೊಂಡ. ಇಟ್ಟಂಗಿಹಾಳದಲ್ಲಿ ಆಂಟೆನಾ ಹಿಡಿದುಕೊಂಡೇ ಮನೆಮನೆಗೆ ಹೋಗಿ, ಆಮೆ ನೋಡಿದ್ದೀರಾ ಎಂದು ಕೇಳಿದ. ಕರೆಂಟಿನವನೋ ಸರ್ವೆಯವನೋ ಎಂದು ಜನ ಅರ್ಧ ಬಾಗಿಲು ಮುಚ್ಚಿಕೊಂಡೇ ಉತ್ತರ ಕೊಟ್ಟರು. ನೋಡಿದ್ದೇವೆ ಎಂದು ಒಬ್ಬರೂ ಹೇಳಲಿಲ್ಲ. ಯಾರೋ ಹಿಡಿದು ಗಾಡಿಯಲ್ಲಿ ಒಯ್ದಿದ್ದಾರೆ ಎನ್ನುವ ಅನುಮಾನ ಅವನ ತಲೆಗೆ ಹೊಕ್ಕಿತು.

ಶನಿವಾರ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟರೆ ಆಂಟೆನಾ ತಂದು ನನ್ನ ಕೈಗೇ ಕೊಟ್ಟ.

"ತಿಕೋಟಾ, ಬಬಲೇಶ್ವರ ಎರಡೂ ಕಡಿ ನಿನ್ನ ಬಸ್ ಹೋಗ್ತೈತಲ್ಲ. ಕಿಡಕ್ಯಾಗ ಹಿಡಕೊಂಡ ಹೋಗು. ಕಿವಿಗೆ ಇದನ್ನ ಹಚ್ಚಿಕೊ."

"ತಲಿ ಕೆಟ್ಟೈತೇನಲೇ? ಟಿಕೆಟ್ ನಿಮ್ಮಪ್ಪ ಹರೀತಾನೇನು?"

"ಅಕ್ಕಾ," ಎಂದ. ಅಷ್ಟೇ. ಜೇಬಿನಿಂದ ಅಂಥದೇ ಕೆಟ್ಟುಹೋದ ಒಂದು ರೇಡಿಯೋ ತೆಗೆದು, ಜನರಿಗೆ ತೋರಿಸಿ ಕೇಳು ಎಂದು ಅದನ್ನೂ ಕೊಟ್ಟ.

ಆ ದಿನದ ಫಜೀತಿ ಯಾರಿಗೂ ಬೇಡ. ಒಂದು ಕೈಯಲ್ಲಿ ಟಿಕೆಟ್ ಮಷೀನು, ಒಂದು ಕೈಯಲ್ಲಿ ಆಂಟೆನಾ. "ಬಾಯಾರ, ಟಿವಿ ಹಚ್ಚೀರೇನು? ಹಂಗಾರ ಧಾರಾವಾಹಿ ಹಾಕ್ರಿ," ಎಂದು ಒಬ್ಬ. "ಮೋಡ ನೋಡಾಕ ಇರಬೇಕು ಬಿಡಪಾ," ಎಂದು ಇನ್ನೊಬ್ಬ. ಡ್ರೈವರ್ ಗೊಲ್ಲಾಳಪ್ಪ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ನೀಲಾಬಾಯಿ, ಚೆಕಿಂಗ್‌ನವ್ರು ಬಂದ್ರ ನಾ ಏನೂ ಕಂಡಿಲ್ಲ ನೋಡ್ರಿ," ಎಂದ. ನನಗೆ ನಾಚಿಕೆ, ಸಿಟ್ಟು, ಮತ್ತೆ ಎಲ್ಲಿ ಟಿಕ್ ಎಂದೀತೋ ಎನ್ನುವ ಆಸೆ, ಮೂರೂ ಕೂಡಿ ತಲೆ ಗಿರ್ ಎನ್ನುತ್ತಿತ್ತು. ತಿಕೋಟಾ ಬಂತು, ಹೋಯಿತು. ಬಬಲೇಶ್ವರ ಬಂತು, ಹೋಯಿತು. ಕಿವಿಯಲ್ಲಿ ಗೊರಗೊರ ಬಿಟ್ಟರೆ ಏನೂ ಇಲ್ಲ. ತಮ್ಮನ ಫೋನು ಮೇಲಿಂದ ಮೇಲೆ. ಕಡೆಗೆ ನಾನು ಎತ್ತುವುದನ್ನೇ ಬಿಟ್ಟೆ.

ಭಾನುವಾರವೂ ನನಗೆ ಡ್ಯೂಟಿ ಇತ್ತು. ಇಟ್ಟಂಗಿಹಾಳ ಕ್ರಾಸಿನಲ್ಲಿ ಇಮಾಮಬಿ ಚಾಚಿ ಹತ್ತಿದಳು. ಹೊಲದಲ್ಲಿ ಬೆಳೆದ ಮೆಂತೆ ಪಲ್ಲೆಯ ಗಂಟು ಹೊತ್ತು ಗಾಂಧಿ ಚೌಕಕ್ಕೆ ಹೋಗುವ, ನನಗೆ ಮುಖಪರಿಚಯವಿದ್ದ ಮುದುಕಿ. ಕೇಳಿ ಕೇಳಿ ಬೇಸತ್ತಿದ್ದ ನಾನು ಹೆಂಗಸರಿಗಿರುವ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತ, ಆ ಕೆಟ್ಟ ರೇಡಿಯೋವನ್ನೂ ಅಂಗೈಯಲ್ಲಿಟ್ಟು ಮುಂದೆ ಹಿಡಿದೆ. "ಇಂಥಾದು ಬೆನ್ನಿಗೆ ಕಟ್ಟಿದ ಆಮಿ ಏನರ ನೋಡೀರೇನ ಚಾಚಿ?"

ಆಕೆ ಅದನ್ನು ಮುಟ್ಟಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ದನಿ ಇಳಿಸಿ ಕೇಳಿದಳು: "ನಿಮ್ಮ ಮನ್ಯಾಗ ಯಾರಿಗೆ ಜಡ್ಡು ಯವ್ವಾ?"

"ಏನಂದ್ರಿ?"

"ಈ ತಾಯಿತ ಯಾರ ಸಲುವಾಗಿ ಕಟ್ಟೀರಿ?"

ನನ್ನ ಕೈಯಲ್ಲಿದ್ದದ್ದನ್ನು ನಾನು ಆಗ ಸರಿಯಾಗಿ ನೋಡಿದೆ. ಅರಗಿನಲ್ಲಿ ಮುಚ್ಚಿದ ಕಪ್ಪು ಗುಂಡು, ಅದಕ್ಕೊಂದು ಎಳೆ. ನಮ್ಮೂರಲ್ಲಿ ತೋಳಿಗೆ, ಕೊರಳಿಗೆ, ಎಮ್ಮೆಯ ಕೊಂಬಿಗೆ ಕಟ್ಟುವ ತಾಯಿತವೇ. ಹರಕೆಗೆ ಕೋಳಿ ಬಿಡುವುದನ್ನು, ಹೋತ ಬಿಡುವುದನ್ನು ಕಂಡ ಮುದುಕಿ, ಯಾರೋ ಆಮೆ ಬಿಟ್ಟಿದ್ದಾರೆ ಎಂದುಕೊಂಡದ್ದರಲ್ಲಿ ತಪ್ಪೇನಿದೆ? ಇನ್ನೊಬ್ಬರು ಕಟ್ಟಿದ ತಾಯಿತ ಬಿಚ್ಚಬಾರದು, ಅದರ ಸುದ್ದಿ ಊರೆಲ್ಲ ಹೇಳಬಾರದು. ಹೇಳಿದರೆ ಕಟ್ಟಿದವರ ಜಡ್ಡು ತಿರುಗಿ ಬರುತ್ತದೆ. ಇದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಆಂಟೆನಾ ಹಿಡಿದು ಬಾಗಿಲಿಗೆ ಬಂದ ಅವಸರದ ಹುಡುಗನಿಗೆ ಆಕೆ ಬಾಯಿ ಬಿಡದಿದ್ದುದು ಇದಕ್ಕೇ.

"ನನ್ನ ತಮ್ಮನ ಸಲುವಾಗಿ," ಎಂದುಬಿಟ್ಟೆ. ಪೂರ್ತಿ ಸುಳ್ಳೆಂದು ಆಗಲೂ ಅನ್ನಿಸಲಿಲ್ಲ.

"ಹಂಗಾರ ಚಿಂತಿ ಬಿಡು. ನನ್ನ ಬಾವ್ಯಾಗ ಐತಿ. ನಾಯಿ ಬೆನ್ನ ಹತ್ತಿದ್ದುವು, ಎತ್ತಿಕೊಂಡ ಹೋಗಿ ಬಿಟ್ಟೇನಿ."

ಆಮೆ ಇದ್ದರೆ ಬಾವಿಯ ನೀರು ತಿಳಿಯಾಗಿರುತ್ತದೆಂದು ಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಆಕೆ ಕಾಪಾಡಲೆಂದೇ ಬಿಟ್ಟಿದ್ದಳು. ಅಷ್ಟು ಆಳದ ಕಲ್ಲುಬಾವಿಯಿಂದ ರೇಡಿಯೋ ಸದ್ದು ರಸ್ತೆಗೆ ಹೇಗೆ ಬಂದೀತು!

ಮಧ್ಯಾಹ್ನ ಡ್ಯೂಟಿ ಮುಗಿಸಿ ನಾನೂ ತಮ್ಮನೂ ಹೋದೆವು. ಬಾವಿಯ ಕಟ್ಟೆಯ ಮೇಲಿನಿಂದ ಆಂಟೆನಾ ಕೆಳಗೆ ಹಿಡಿದದ್ದೇ ತಡ, ಅವನ ಕಿವಿಯಿಂದ ನನಗೂ ಕೇಳುವಷ್ಟು ಟಿಕ್ ಟಿಕ್. ಅವನ ಕಣ್ಣು ತುಂಬಿದವು, ನನ್ನವೂ ತುಂಬಿದವು. ಮೆಟ್ಟಿಲಿಳಿದು, ಕೋಳಿಯ ಕರುಳು ಕಟ್ಟಿದ ಬುಟ್ಟಿ ಇಟ್ಟು, ಮೇಲಕ್ಕೆ ಕೆಳಕ್ಕೆ ಹತ್ತಿ ಇಳಿದು ಪಾರಿವಾಳಗಳನ್ನೆಲ್ಲ ಎಬ್ಬಿಸಿದ. ಹೊತ್ತು ಇಳಿಯುವಾಗ ಆಮೆ ಬುಟ್ಟಿಯೊಳಗೆ ಬಂತು. ಅದನ್ನು ಎತ್ತಿ ಹಿಂಗಾಲಿನ ಸಂದಿಯಲ್ಲಿ ಬೆರಳಿಟ್ಟ. ಇನ್ನೊಂದು ಕಾಲಿನ ಕಡೆ ಇಟ್ಟು ನೋಡಿದ.

"ಇಲ್ಲಕ್ಕಾ. ಖಾಲಿ."

ಇಮಾಮಬಿ ಆಗ ನೆನೆಸಿಕೊಂಡು ಹೇಳಿದಳು. ನಿನ್ನೆ ಕೊಡ ತಳಕ್ಕೆ ಮುಟ್ಟಿ ಬಂದಾಗ ಬೆಳ್ಳನೆಯ ಗುಂಡೊಂದು ಬಂದಿತ್ತು. ಪಾರಿವಾಳದ ತತ್ತಿ ಬಿದ್ದಿರಬೇಕೆಂದು ಚೆಲ್ಲಿದಳಂತೆ. ಮಣ್ಣು ಸಿಗದ ಆಮೆ ನೀರಿನಲ್ಲೇ ತತ್ತಿ ಉದುರಿಸಿತ್ತು.

ಅಲ್ಲಿಗೆ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಇವನಿಗೆ ಸುಳ್ಳಿನ ಮೇಲೆ ಕೂಡಲೂ ಬರುವುದಿಲ್ಲ. "ಚಾಚಿ, ಅಕ್ಕ ಹೇಳಿದ್ದು ಖರೆ ಅಲ್ಲ. ನನಗ ಯಾವ ಜಡ್ಡೂ ಇಲ್ಲ. ಇದು ತಾಯಿತಲ್ಲ, ರೇಡಿಯೋ. ನಾನ ಕಟ್ಟೇನಿ," ಎಂದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಹಾಗೇ ಆಯಿತು.

"ಯಾರಿಗೂ ಜಡ್ಡಿಲ್ಲಂದ್ರ ಬಸರಿ ಬೆನ್ನಿಗೆ ಯಾಕ ಕಟ್ಟಿದ್ಯೋ ಯಪ್ಪಾ? ನೀ ಕಟ್ಟದಿದ್ರ ನಾ ಎತ್ತಿ ಒಯ್ತಿದ್ದಿಲ್ಲ. ನಾಯಿ ಓಡಿಸಿ ಬಿಟ್ಟಬಿಡ್ತಿದ್ದೆ."

ಅವನು ಬಾವಿ ಕಟ್ಟೆಯ ಸುತ್ತ ತಿರುಗಿದ. ಆಮೇಲೆ ಗೋಡೆಯ ಸಂಗತಿ, ಸೋಮವಾರದ ಸಂಗತಿ, ಹಣಮಂತರಾಯರ ಮಾತು ಎಲ್ಲ ಹೇಳಿದ. ಆಕೆ ಕೇಳಿಸಿಕೊಂಡಳು. "ನಾ ಕಾಯಾಕ ಹೋಗಿ ಕೆಡಿಸಿದ್ನಲ್ಲೋ," ಎಂದು ತಲೆಯ ಮೇಲೆ ಕೈಹೊತ್ತು ಕೂತಳು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ.

ಕತ್ತಲಾಗುವ ಮೊದಲು ಆಕೆ ನಮ್ಮನ್ನು ಕೆರೆಯ ದಂಡೆಗೆ ಕರೆದೊಯ್ದಳು. ಬಿಳಿಜೋಳ ಬಿತ್ತಲು ಹರಗಿಟ್ಟ ಆಕೆಯ ಹೊಲಕ್ಕೂ ನೀರಿಗೂ ನಡುವೆ, ದಂಡೆಯ ಇಳಿಜಾರಿನಲ್ಲಿ ಅರ್ಧ ತೋಡಿದ ಒಂದು ತಗ್ಗಿತ್ತು. ಗುರುವಾರ ಸಂಜೆ ಆಮೆ ಹಿಂಗಾಲಿನಿಂದ ಅಲ್ಲೇ ಮಣ್ಣು ಕೆದರುತ್ತಿತ್ತಂತೆ. ಕಾಲು ಸಿಕ್ಕಿಕೊಂಡು ನಾಯಿಗಳಿಂದ ತಪ್ಪಿಸಿಕೊಳ್ಳಲಾಗದೆ ಒದ್ದಾಡುತ್ತಿದೆ ಎಂದು ಆಕೆ ತಿಳಿದಿದ್ದಳು. ದೇವಾನಂದ ರೇಡಿಯೋ ಬಿಚ್ಚಿ ಆಮೆಯನ್ನು ನೀರಿಗೆ ಬಿಟ್ಟ. ಆಮೇಲೆ ಆಕೆಯ ಕಡೆ ತಿರುಗಿ ಕೈಮುಗಿದ.

"ಚಾಚಿ, ಆಮಿ ಹಿಡದು ಇಟಗೊಳ್ಳೂದು ಕಾಯ್ದೆ ಪ್ರಕಾರ ಗುನ್ಹೆ ಐತಿ. ನಿಮ್ಮ ಬಾವ್ಯಾಗ ಇತ್ತಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಾನೂ ಹೇಳೂದಿಲ್ಲ. ತಗ್ಗು ತೋರಿಸಿ ನೋಡ್ತೇನಿ, ಆದ್ರ ಆತು."

ಸೋಮವಾರ ಬೆಳಗಿನ ಮೊದಲ ಟ್ರಿಪ್ಪು. ತಿಕೋಟಾದಿಂದ ತಿರುಗಿ ಬರುವಾಗ ಕ್ರಾಸಿನಲ್ಲಿ ಇಮಾಮಬಿ ಹತ್ತಿದಳು. ಪಲ್ಲೆಯ ಗಂಟು ಇರಲಿಲ್ಲ. "ಕೆರಿ ಕಡೆ ನಿಂದರಸು ಯವ್ವಾ," ಎಂದಳು. ಅಲ್ಲಿ ಸ್ಟಾಪಿಲ್ಲ. ನಾನು ಸೀಟಿ ಊದಿದೆ. ಬಸ್ಸಿನ ತುಂಬ ಗೊಣಗು. ಗೊಲ್ಲಾಳಪ್ಪ, ಗಾಲಿಗೆ ಕಲ್ಲು ಸಿಕ್ಕಿರಬೇಕು ಎಂದು ತಾನೂ ಇಳಿದು ಗಾಲಿ ಬಡಿಯುತ್ತ ನಿಂತ. ನಾನು ಮುದುಕಿಯ ಹಿಂದೆ ಓಡಿದೆ.

ದಂಡೆಯ ಮೇಲೆ ಜೆಸಿಬಿ ಗುರ್ ಎನ್ನುತ್ತಿತ್ತು. ಹಣಮಂತರಾಯರು ಆ ತಗ್ಗಿನ ಪಕ್ಕದಲ್ಲಿ ನಿಂತು ತಮ್ಮನನ್ನು ಕೇಳುತ್ತಿದ್ದರು: "ಇದು ನಾಯಿ ಕೆದರಿದ ತಗ್ಗು ಅಂತ ನಾ ಅಂದ್ರ ಏನಂತಿ? ತತ್ತಿ ಇಲ್ಲ, ಆಮಿ ಇಲ್ಲ. ಆಮಿ ತೋಡಿದ್ದು ನೋಡಿದವ್ರು ಯಾರು?"

"ನೋಡಿದವ್ರು ಅದಾರ್ರಿ ಸರ್."

"ಯಾರು?"

ದೇವಾನಂದ ಕಾಲು ಬದಲಿಸಿ ನಿಂತ, ಮತ್ತೆ ಬದಲಿಸಿದ. ಒಂದು ಹೆಸರು ಹೇಳಿದರೆ ಅವನು ಗೆಲ್ಲುತ್ತಿದ್ದ. "ಅದನ್ನ ಹೇಳಾಕ ಬರೂದಿಲ್ರಿ," ಎಂದ.

"ಹಂಗಾರ ನಾನೇನ ಮಾಡಲಿ," ಎಂದು ಅವರು ಜೆಸಿಬಿಯ ಕಡೆ ತಿರುಗಿದರು.

"ನೋಡಿದಾಕಿ ನಾನ್ರಿ," ಎಂದಳು ಇಮಾಮಬಿ, ಏದುಸಿರು ಬಿಡುತ್ತ. "ಇಲ್ಲೇ ತಗ್ಗು ತೋಡಾಕತ್ತಿತ್ತು. ನಾನ ಎತ್ತಿ ಒಯ್ದು ನನ್ನ ಬಾವ್ಯಾಗ ಬಿಟ್ಟಿದ್ದೆ. ತತ್ತಿ ಅಲ್ಲೇ ಹಾಳಾದುವು."

ತಮ್ಮ "ಚಾಚಿ" ಎಂದು ಮುಂದೆ ಬಂದ. ಆಕೆ ಕೈ ಅಡ್ಡ ಹಿಡಿದು ಅವನನ್ನು ಸರಿಸಿದಳು.

"ಇದು ಕೇಸಿನ ಮಾತು ಐತಿ, ಗೊತ್ತೈತೇನ ನಿಮಗ?" ಎಂದರು ಹಣಮಂತರಾಯರು.

"ಗೊತ್ತೈತ್ರಿ. ಹೇಳಬ್ಯಾಡ್ರಿ ಅಂತ ಈ ಹುಡುಗ ನಿನ್ನಿ ಕೈಮುಗದು ಹೇಳ್ಯಾನ. ಬರಕೋರಿ, ಇಮಾಮಬಿ, ಇಟ್ಟಂಗಿಹಾಳ. ಬರಕೊಂಡು, ಇಲ್ಲಿ ಕಲ್ಲು ಹಚ್ಚಬ್ಯಾಡ್ರಿ."

ಹಣಮಂತರಾಯರು ಜೇಬಿನಿಂದ ಪೆನ್ನು ತೆಗೆದರು. ಒಮ್ಮೆ ಆಕೆಯನ್ನು, ಒಮ್ಮೆ ತಮ್ಮನನ್ನು ನೋಡಿ, ಅದನ್ನು ಮತ್ತೆ ಜೇಬಿಗೇ ಇಟ್ಟುಕೊಂಡರು. ಆಮೇಲೆ ಜೆಸಿಬಿಯವನಿಗೆ ಕೈಮಾಡಿ, ಈ ಜಾಗ ಬಿಟ್ಟು ಆಚೆಯಿಂದ ಶುರುಮಾಡು ಎಂದರು.